ಶನಿಕಾಟ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ, ಇನ್ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡಿ, ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ಆಟೋದಲ್ಲಿ ತೊಡೆ ಮೇಲೆ ಬಾಣಂತಿ ಕೂಸಿನ ಹಾಗೆ ಇಟ್ಟುಕೊಂಡು ಮನೆಗೆ ತಂದೆ. ರೈಝೆನ್ 5 5600ಜಿ ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 144 ಹರ್ಟ್ಜ್ ಮಾನಿಟರ್. ಎಲ್ಲ ನಾನೇ ಜೋಡಿಸಿದೆ. ಕಾರು ರೇಸಿನ ಆಟ ಹಾಕಿದರೆ, ಕಾರು ಎತ್ತಿನಗಾಡಿಯ ಹಾಗೆ ಹೋಗುತ್ತಿತ್ತು.

ಎರಡು ದಿನ ಅಂಗಡಿಯವನನ್ನು ಬೈದುಕೊಂಡೆ. ಆಮೇಲೆ ಪಕ್ಕದ ಮನೆಯ ಪಿಯುಸಿ ಹುಡುಗ ಬಂದು, ಹಿಂದೆ ಒಂದು ಸಲ ಇಣುಕಿ, "ಅಂಕಲ್, ಮಾನಿಟರ್ ಕೇಬಲನ್ನ ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಚುಚ್ಚಿದ್ದೀರ" ಅಂದ. ಅಷ್ಟು ದುಡ್ಡು ಸುರಿದು ತಂದ ಗ್ರಾಫಿಕ್ಸ್ ಕಾರ್ಡ್ ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ ಸುಮ್ನೆ ಕೂತಿತ್ತು, ಪ್ರೊಸೆಸರ್ ಒಳಗಿನ ಚಿಕ್ಕ ಗ್ರಾಫಿಕ್ಸೇ ಎಲ್ಲ ಕೆಲಸ ಮಾಡುತ್ತಿತ್ತು. ರ‍್ಯಾಮ್ ಕಡ್ಡಿ ಎರಡನ್ನೂ ಅಕ್ಕಪಕ್ಕ ಹಾಕಿದ್ದೆ, ಅವನು ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಬದಲಾಯಿಸಿದ. ಪೆಟ್ಟಿಗೆ ಮೇಲೆ 3200 ಅಂತಿದ್ದ ರ‍್ಯಾಮ್ 2133ರ ವೇಗದಲ್ಲಿ ತೂಕಡಿಸುತ್ತಿತ್ತು, ಬಯಾಸ್‌ಗೆ, ಅಂದರೆ ಮೆಷಿನ್ನಿನ ಮೂಲ ಸೆಟ್ಟಿಂಗಿಗೆ, ಹೋಗಿ ಅದನ್ನೂ ಎಬ್ಬಿಸಿದ. ಮಾನಿಟರ್ 60 ಹರ್ಟ್ಜ್‌ನಲ್ಲಿತ್ತು, ಅದೂ ಸರಿಯಾಯಿತು. ಎಲ್ಲ ಸೇರಿ ಕಾಲು ಗಂಟೆ. ಅವನು ಹೇಳಿದ್ದರಲ್ಲಿ ನನಗೆ ನಾಟಿದ್ದು ಮಾತ್ರ ಆ 'ಅಂಕಲ್'.

ನವೆಂಬರ್‌ವರೆಗೂ ಕಾರು ಹಾರಿತು. ಡಿಸೆಂಬರ್‌ನಲ್ಲಿ ಶುರುವಾಯಿತು ನೋಡಿ ನಿಜವಾದ ಕಾಯಿಲೆ. ವಾರವೆಲ್ಲ ಸೆಕೆಂಡಿಗೆ 90 ಫ್ರೇಮ್ (ಚಿತ್ರ) ಕೊಡುವ ಮೆಷಿನ್, ಶನಿವಾರ ರಾತ್ರಿ ಆಟ ಹಾಕಿ ಹತ್ತು ನಿಮಿಷಕ್ಕೆ 25ಕ್ಕೆ ಇಳಿದು ತಡವರಿಸತೊಡಗಿತು. ಶನಿವಾರ ಮಾತ್ರ! ಡ್ರೈವರ್ ಕಿತ್ತು ಮತ್ತೆ ಹಾಕಿದೆ. ವಿಂಡೋಸ್ ಅಪ್‌ಡೇಟ್ ಮೇಲೆ ಗುಮಾನಿ ಪಟ್ಟೆ. ಭಾನುವಾರ ಬೆಳಿಗ್ಗೆ ಬಿಚ್ಚಿ, ಪ್ರೊಸೆಸರ್ ಮೇಲಿನ, ಶಾಖ ದಾಟಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿ ನೋಡಿದರೆ, ಆಸ್ಪತ್ರೆ ಮೆಟ್ಟಿಲು ಹತ್ತಿದ ತಕ್ಷಣ ಜ್ವರ ಬಿಟ್ಟ ಮಗುವಿನ ಹಾಗೆ ನಗುತ್ತಿತ್ತು.

"ಶನಿವಾರ ಅಲ್ವೇನೋ, ಎಳ್ಳೆಣ್ಣೆ ದೀಪ ಹಚ್ಚು" ಅಂದರು ಅಮ್ಮ. ಮೂರನೇ ವಾರ ನಾನೂ ಎಣ್ಣೆ ಶೀಶೆ ಹುಡುಕುವ ಮಟ್ಟಕ್ಕೆ ಬಂದಿದ್ದೆ, ಸುಳ್ಳು ಯಾಕೆ ಹೇಳಲಿ.

ನಾಲ್ಕನೇ ಶನಿವಾರ ಪರದೆಯ ಮೂಲೆಯಲ್ಲಿ ಟೆಂಪರೇಚರ್ ಕಾಣುವ ಹಾಗೆ ಮಾಡಿಕೊಂಡು ಆಡಿದೆ. ಪ್ರೊಸೆಸರ್ 95 ಡಿಗ್ರಿ! ಅಷ್ಟು ಕಾದರೆ ಅದು ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹೊರಗೆ ಬೆಂಗಳೂರು ಗಡಗಡ ನಡುಗುತ್ತಿರುವಾಗ ಇದಕ್ಕೇನು ಬಂತು ಅಂತ ಹೆಡ್‌ಫೋನ್ ತೆಗೆದು, ಮೊಬೈಲ್ ಟಾರ್ಚ್ ಹಾಕಿ, ಮೇಜಿನ ಕೆಳಗೆ ಬಗ್ಗಿದೆ.

ಕಂಪ್ಯೂಟರ್ ಡಬ್ಬದ, ಅಂದರೆ ಕ್ಯಾಬಿನೆಟ್ಟಿನ, ಮೇಲೆ ಯಾವುದೋ ದುಂಡಗಿನ ವಸ್ತು ಟರ್ಕಿ ಟವೆಲ್ ಹೊದ್ದು ಕೂತಿತ್ತು. ಬಿಸಿಗಾಳಿ ಹೊರಹೋಗುವ ಜಾಲರಿ ಪೂರ್ತಿ ಬಂದ್. ಟವೆಲಿನ ಅಂಚು ಇಳಿಬಿದ್ದು ಮುಂದಿನ ಫ್ಯಾನುಗಳನ್ನೂ ಮುಚ್ಚಿತ್ತು. ಟವೆಲ್ ಸರಿಸಿ ತಟ್ಟೆ ಎತ್ತಿದೆ. ಸ್ಟೀಲ್ ಪಾತ್ರೆ ತುಂಬ ದೋಸೆ ಹಿಟ್ಟು. ಉಬ್ಬಿ, ಗುಳ್ಳೆ ಗುಳ್ಳೆಯಾಗಿ, ಅಂಚಿಗೆ ಎರಡು ಬೆರಳು ಕೆಳಗೆ ಬಂದು ನಿಂತಿತ್ತು. ಅದರ ನೇರ ಕೆಳಗೆ ಜಾಲರಿ, ಜಾಲರಿಯ ಕೆಳಗೆ ನನ್ನ ಒಂದು ತಿಂಗಳ ಸಂಬಳ. ಇನ್ನರ್ಧ ಗಂಟೆ ಆಡಿದ್ದರೆ ಮದರ್‌ಬೋರ್ಡಿಗೇ ದೋಸೆ ಹುಯ್ದ ಹಾಗಾಗುತ್ತಿತ್ತು.

"ಈ ಚಳಿಗೆ ಹಿಟ್ಟು ಹುಳೀನೇ ಬರಲ್ಲ ಕಣೋ. ಕಸ ಗುಡಿಸುವಾಗ ನೋಡಿದೆ, ನಿನ್ನ ಡಬ್ಬ ಬೆಚ್ಚಗಿತ್ತು" ಅಂದರು ಅಮ್ಮ, ಒಂಚೂರೂ ಅಳುಕಿಲ್ಲದೆ. ಬೆಳಿಗ್ಗೆ ನಾನು ಏಳುವ ಮೊದಲೇ ಪಾತ್ರೆ ಅಡುಗೆಮನೆ ಸೇರುತ್ತಿತ್ತು. ಹಾಗಾಗಿ ಪ್ರತಿ ಭಾನುವಾರ ನಾನು ಸಾಕ್ಷ್ಯವನ್ನು ಚಟ್ನಿ ಜೊತೆ ತಿಂದು, ಕೈ ತೊಳೆದು, ಕಾರಣ ಹುಡುಕಲು ಸ್ಕ್ರೂಡ್ರೈವರ್ ಹಿಡಿಯುತ್ತಿದ್ದೆ.

ಜಗಳ ಆಡೋಣ ಅಂದುಕೊಂಡೆ. ಆದರೆ ದೋಸೆ ಆ ತಿಂಗಳು ನಿಜಕ್ಕೂ ಚೆನ್ನಾಗಿ ಬರುತ್ತಿತ್ತು. ಕೊನೆಗೆ ಕ್ಯಾಬಿನೆಟ್ ಹಿಂದೆ, ಬಿಸಿಗಾಳಿ ಬೀಸುವ ಫ್ಯಾನಿನಿಂದ ಒಂದು ಗೇಣು ದೂರದಲ್ಲಿ, ಪಾತ್ರೆಗೆ ಒಂದು ಮಣೆ ಹಾಕಿಕೊಟ್ಟೆ. ಈಗ ಪ್ರೊಸೆಸರ್ 75 ದಾಟುವುದಿಲ್ಲ.

ಹೋದ ಶನಿವಾರ ಸುಸ್ತಾಗಿ ಒಂಬತ್ತಕ್ಕೇ ಮಲಗಿದ್ದೆ. ಅಮ್ಮ ಬಂದು ಲೈಟ್ ಹಾಕಿದರು. "ಏಳೋ, ಸ್ವಲ್ಪ ಹೊತ್ತು ಆಟ ಆಡು. ನಾಳೆ ನಿಮ್ಮತ್ತೆ ಬರ್ತಿದ್ದಾಳೆ, ಹಿಟ್ಟು ಹುಳಿ ಬರಬೇಕು."