ಮುಳುಗಿದ್ದು ಪಾರ್ಕ್, ಸೋತದ್ದು ಯೋಜನೆಯಲ್ಲ

ಸಿಂಗಾಪುರದ ಬಿಶಾನ್-ಆಂಗ್ ಮೊ ಕಿಯೊ ಪಾರ್ಕಿನ ಹುಲ್ಲುಹಾಸು ನೀರಿನಡಿ ಇರುವ ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. 'ಕಾಂಕ್ರೀಟ್ ಕಾಲುವೆ ಒಡೆದು ನದಿ ಮಾಡಿದ್ದಕ್ಕೇ ಪ್ರವಾಹ' ಎಂಬ ಒಕ್ಕಣೆ ತಪ್ಪು. ಆ ಹುಲ್ಲುಹಾಸು ಇರುವುದೇ ಮುಳುಗಲಿಕ್ಕೆ.

2012ರಲ್ಲಿ ಮುಗಿದ ಈ ಕೆಲಸದಲ್ಲಿ ಕಲ್ಲಾಂಗ್ ನದಿಯ 2.7 ಕಿ.ಮೀ. ನೇರ ಕಾಲುವೆ, 3.2 ಕಿ.ಮೀ. ಅಂಕುಡೊಂಕು ಹೊಳೆಯಾಯಿತು. ಒಣ ದಿನಗಳಲ್ಲಿ ನೀರು ನಡುವಿನ ಕಿರಿದಾದ ಹರಿವಿನಲ್ಲೇ ಇರುತ್ತದೆ. ಜೋರು ಮಳೆ ಬಂದರೆ ಇಳಿಜಾರು ದಂಡೆಯೇರಿ ಸುಮಾರು 100 ಮೀಟರ್ ಅಗಲದವರೆಗೂ ಹರಡಿ, ಕೆಳಗೆ ಹರಿದುಹೋಗುತ್ತದೆ. ಅಲ್ಲಿನ ಜಲಮಂಡಳಿಯ ಲೆಕ್ಕದಂತೆ ಸಾಗಿಸುವ ಸಾಮರ್ಥ್ಯ ಹಳೆಯ ಕಾಲುವೆಗಿಂತ ಸುಮಾರು ಶೇ. 40 ಹೆಚ್ಚು. ನೀರೇರುವಾಗ ಜನರನ್ನು ಎಚ್ಚರಿಸಲು ಸೈರನ್, ದೀಪಗಳೂ ಇವೆ. (ಫೋಟೊದಲ್ಲಿ ಅವು ಕಾಣವು, ಬಿಡಿ.)

ದಯವಿಟ್ಟು ಆ ಸಂದೇಶ ಮುಂದಕ್ಕೆ ಕಳಿಸಬೇಡಿ. ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.