ಸಿ ಸಾಕೋ, ಡಿ ಬೇಕೋ

ಹೊಸ ಕಂಪ್ಯೂಟರ್ ತಂದರೆ ಜನ ರೇಟು ಕೇಳುತ್ತಾರೆ ಅಂದುಕೊಂಡಿದ್ದೆ. ನಮ್ಮ ಶಿರಸಿ ಕಡೆ ಹಾಗಲ್ಲ. ಪಕ್ಕದ ಮನೆ ಭಾವ ಜಗಲಿಯಲ್ಲಿ ಕೂತು ಕವಳ ಹಾಕುತ್ತ ಕೇಳಿದ್ದು, "ಎಷ್ಟು ಡ್ರೈವ್ ಮಾಡ್ಸಿದ್ಯೋ?"

"ಒಂದೇ. ಸಿ."

ಕಂಪ್ಯೂಟರಿನ ಡಿಸ್ಕನ್ನು ಪಾಲು ಮಾಡಿ, ಒಂದೊಂದು ಪಾಲಿಗೆ ಸಿ, ಡಿ ಅಂತ ಹೆಸರಿಟ್ಟರೆ ಅದೇ ಡ್ರೈವ್. ಭಾವನ ಮುಖ ನೋಡಬೇಕಿತ್ತು. ಒಂದೇ ಕೋಣೆಯ ಮನೆ ಕಟ್ಟಿಸಿ, ಅಡುಗೆ, ಸ್ನಾನ, ದೇವರ ಪೂಜೆ ಎಲ್ಲ ಅಲ್ಲೇ ಅಂದವನನ್ನು ನೋಡಿದ ಹಾಗೆ.

ಅಪ್ಪಯ್ಯನ ತಕರಾರು ಬೇರೆ. ಪೆಟ್ಟಿಗೆ ಮೇಲೆ ಒಂದು ಟಿಬಿ ಅಂತಿದೆ, ಪರದೆಯಲ್ಲಿ 931 ಜಿಬಿ ಕಾಣುತ್ತದೆ. ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ ಅಂತ ವಿವರಿಸಿದೆ. ಅಡಿಕೆ ತೂಕದಲ್ಲಿ ಮುರಿಯುವುದನ್ನು ಜೀವನಪೂರ್ತಿ ಕಂಡವರು, ಕೇಳುತ್ತಾರಾ? "ಅಂಗಡಿಯವ 69 ಮುರ್ಕಂಡ ಕಾಣ್ತು" ಅಂದರು. ಆಮೇಲೆ, ಸಿ ಇದ್ದ ಮೇಲೆ ಎ, ಬಿ ಎಲ್ಲಿ ಅಂತ ಕೇಳಿದರು. ಅವು ಹಿಂದೆ ಫ್ಲಾಪಿಗೆ ಮೀಸಲಿದ್ದ ಅಕ್ಷರಗಳು ಅಂದೆ. "ಹಂಗಾರೆ ಆ 69 ಅಲ್ಲಿಗೇ ಹೋಜು."

ಡಿ ಬೇರೆ ಇರಬೇಕು ಅನ್ನುವ ಭಾವನ ಮಾತು ತೆಗೆದುಹಾಕುವಂಥದ್ದಲ್ಲ. ವಿಂಡೋಸ್ ಕೈಕೊಟ್ಟರೆ ಸಿ ಒಂದನ್ನೇ ಫಾರ್ಮ್ಯಾಟ್ ಮಾಡಬಹುದು, ಅಂದರೆ ಪೂರ್ತಿ ಅಳಿಸಿ ಹೊಸದು ಮಾಡಬಹುದು, ಡಿಯಲ್ಲಿದ್ದ ಫೋಟೋ ಉಳಿಯುತ್ತವೆ. ಬೆಂಗಳೂರಿನ ತಮ್ಮ ಮಾತ್ರ ಫೋನಿನಲ್ಲೇ ನಕ್ಕ. "ಡಿಸ್ಕೇ ಸತ್ರೆ ಸಿ, ಡಿ ಎರಡೂ ಒಟ್ಟಿಗೇ ಸ್ವರ್ಗಕ್ಕೆ ಹೋಗ್ತು." ಅದೂ ನಿಜ.

ನನಗೆ ಹೆದರಿಕೆ ಹುಟ್ಟಿಸಿದ್ದು ಹಳೇ ಕಂಪ್ಯೂಟರ್. ಅದರಲ್ಲಿ ಸಿ ಸಣ್ಣದು, ಡಿ ದೊಡ್ಡದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲ ಇರುವುದು ಸಿಯಲ್ಲೇ ಅಲ್ವಾ? ಸಿ ಯಾವಾಗಲೂ ತುಂಬಿ ಕೆಂಪು. ಡಿಯಲ್ಲಿ ಅಪ್ಪಯ್ಯನ ಯಕ್ಷಗಾನ ಬಿಟ್ಟರೆ ಉಳಿದ ಜಾಗ ಖಾಲಿ. ಆ ಜಾಗ ಸಿಗೆ ಕೊಡೋಣ ಅಂದರೆ ವಿಂಡೋಸ್ ಒಪ್ಪುವುದಿಲ್ಲ. ಡಿ ಕುಗ್ಗಿಸಿದರೆ ಜಾಗ ಬಿಡುವುದು ಡಿಯ ಆಚೆ ತುದಿಯಲ್ಲಿ. ಸಿಗೆ ಬೇಕಿರುವುದು ಅದರ ಮಗ್ಗುಲಲ್ಲಿ. ನಡುವೆ ಡಿ ಗಟ್ಟಿಯಾಗಿ ಕೂತಿದೆ.

ಭಾವನ ಮಗ ಯಾವುದೋ ಸಾಫ್ಟ್‌ವೇರ್ ಹಾಕಿದ. ಅದು ಡಿಯನ್ನೇ ಎತ್ತಿ ಪಕ್ಕಕ್ಕೆ ಸರಿಸುತ್ತದಂತೆ. ಮೂರು ತಾಸು ಬೇಕು, ಮಧ್ಯೆ ಆಫ್ ಮಾಡಬೇಡಿ ಅಂತ ಪರದೆ ಮೇಲೆ ಬಂತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಹಸಿರು ಪಟ್ಟಿ ಅರ್ಧ ದಾಟಿತ್ತು. ದೂರದಲ್ಲಿ ಒಂದು ಗುಡುಗು. ಆಯಿ ಒಲೆ ಮುಂದಿನಿಂದ ಎದ್ದು ಬಂದು ಟಿವಿ ವೈರ್ ಕಿತ್ತಳು, ಮೋಡೆಮ್ ಕಿತ್ತಳು, ಕೊನೆಗೆ ಮೇನ್ ಸ್ವಿಚ್ಚನ್ನೇ ಇಳಿಸಿದಳು. ಯುಪಿಎಸ್ ಕೀಂ ಕೀಂ ಅಂತ ಸ್ವಲ್ಪ ಹೊತ್ತು ಅತ್ತು ಸುಮ್ಮನಾಯಿತು.

ಸಂಜೆ ಕರೆಂಟು ಹಾಕಿದರೆ ಡಿಯ ಹೆಸರಿದೆ, ಒಳಗೆ ಏನೂ ಇಲ್ಲ. ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ! "ಟಿವಿಗೆ ಎಂತೂ ಆಜಿಲ್ಲೆ" ಅಂದಳು ಆಯಿ. ಮಲೆನಾಡಿನ ಸಿಡಿಲು ಕಂಡವರು ಯಾರೂ ಅವಳನ್ನು ಬೈಯಲಾರರು. ಅಪ್ಪಯ್ಯ ಮಾತ್ರ ವಾರಗಟ್ಟಲೆ ಭಾವನ ಮಗನಿಗೆ ಆಸ್ರಿಗೆ ಬೇಕಾ ಅಂತಲೂ ಕೇಳಲಿಲ್ಲ.

ಹಾಗಾಗಿ ಹೊಸದರಲ್ಲಿ ಸಿ ಒಂದೇ. ಗೋಡೆ ಎಲ್ಲಿ ಹಾಕಬೇಕು ಅಂತ ಇವತ್ತೇ ಲೆಕ್ಕ ಹಾಕುವ ತಲೆಬಿಸಿ ಯಾರಿಗೆ ಬೇಕು? ಬದಲಿಗೆ ಹೊರಗಿನಿಂದ ಚುಚ್ಚುವ ಡಿಸ್ಕ್ ಒಂದನ್ನು ತಂದೆ. ಕಾಪಿ ಆದಮೇಲೆ ಕಿತ್ತು, ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯದಿರಲಿ ಅಂತ ಸ್ಟೀಲ್ ಡಬ್ಬದಲ್ಲಿ ಹಾಕಿ, ಹಲಸಿನ ಹಪ್ಪಳದ ಡಬ್ಬದ ಪಕ್ಕ ಇಡುತ್ತೇನೆ. ಗುಡುಗಿದರೆ ಆಯಿಗೆ ಕೀಳಲು ಅಲ್ಲಿ ಏನೂ ಇಲ್ಲ.

ಅಪ್ಪಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಆಟಕ್ಕೊಂದು, ತಾಳಮದ್ದಲೆಗೊಂದು ಬೇರೆ ಬೇರೆ ಡ್ರೈವ್ ಮಾಡಲೆ ಬತ್ತಿಲ್ಯ?" ಅಂದರು. ಎರಡು ಫೋಲ್ಡರ್ ಮಾಡಿಕೊಟ್ಟೆ. ದೊಡ್ಡ ಅಕ್ಷರದಲ್ಲಿ ಹೆಸರೂ ಬರೆದೆ. ಮೊನ್ನೆಯ ತಾಳಮದ್ದಲೆಯನ್ನು ಅವರು ಡೆಸ್ಕ್‌ಟಾಪ್ ಮೇಲೇ ಇಟ್ಟಿದ್ದಾರೆ.