ಪರಲೋಕದಲ್ಲಿ ಕಾರ್ನರ್ ಸೈಟು

ಸತ್ತ ಮೇಲೆ ಏನಾಗುತ್ತದೆ ಎಂದು ತಿಳಿಯಲು ನಚಿಕೇತ ಯಮನ ಬಾಗಿಲಿಗೇ ಹೋಗಿ ಕುಳಿತ. ಬಾಗಲಕೋಟೆಯವರು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಬಳಿ ಅದಕ್ಕೊಂದು ಅಂದಾಜು ಉತ್ತರವಿದೆ: ಸೆಕ್ಟರ್ ಕೊಡುತ್ತಾರೆ.

ನಗಬೇಡಿ. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ಆಣೆಕಟ್ಟು ಕಟ್ಟಲು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಹಿನ್ನೀರು ಘಟಪ್ರಭೆಯನ್ನು ಹಿಡಿದುಕೊಂಡು ಹಳೆ ಊರಿನ ಓಣಿಗಳ ತನಕ ಬರುವುದಕ್ಕೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟರೊಳಗೆ ಯಾವ ಮನೆ ಮುಳುಗಡೆ, ಯಾವ ಮನೆ ಬಚಾವು ಎಂದು ಮೀಟರ್ ಲೆಕ್ಕದಲ್ಲಿ ಗುರುತು ಹಾಕಿಯಾಗಿತ್ತು. ಮುಳುಗುವವರ ಕೈಗೆ, ಅವರಿಗಾಗಿಯೇ ಕಟ್ಟಿದ ನವನಗರದ ಸೆಕ್ಟರ್ ಸಂಖ್ಯೆ, ನಿವೇಶನದ ಸಂಖ್ಯೆ ಬರೆದ ಕಾಗದ ಬಂದಿತ್ತು. ಬೇರೆ ಊರಿನ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಮ್ಮ ಮಕ್ಕಳು ಜಲಾಶಯದ ಮಟ್ಟ 519.60 ಮೀಟರ್ ಎಂದು ಬಾಯಿಪಾಠ ಮಾಡುತ್ತಿದ್ದರು. ಬದುಕಿರುವಾಗಲೇ ಒಂದು ಲೋಕ ಬಿಟ್ಟು ಇನ್ನೊಂದು ಲೋಕಕ್ಕೆ ಸಾಮಾನು ಸಾಗಿಸಿದ ಜನ ನಾವು. ಆದ್ದರಿಂದ ಪರಲೋಕದ ಸಿನಿಮಾ ಹಾಕಿದರೆ ಬೇರೆಯವರು ಅದರಲ್ಲಿ ಪ್ರೇಮ ನೋಡುತ್ತಾರೆ, ನಾವು ಮೊದಲು ಹಂಚಿಕೆ ನೋಡುತ್ತೇವೆ.

ಸಿನಿಮಾದ ಹೆಸರು ‘ಈಟರ್ನಿಟಿ’. 2025ರಲ್ಲಿ ಬಂದದ್ದು, ಡೇವಿಡ್ ಫ್ರೇಯ್ನ್ ಎಂಬುವವರ ನಿರ್ದೇಶನ. ಇಂಜಿನಿಯರಿಂಗ್ ಓದುವ ಅಣ್ಣನ ಮಗಳು ಅದನ್ನು ನವನಗರದ ಅಣ್ಣನ ಮನೆಯಲ್ಲಿ ಎಲ್ಲರಿಗೂ ತೋರಿಸುವ ಪಣ ತೊಟ್ಟಳು. ಅವಳ ಮೊಬೈಲಿನಲ್ಲಿ ಚಾರ್ಜ್ ಮುಗಿದಿದ್ದರಿಂದ ಅಣ್ಣನ ಮೊಬೈಲನ್ನು ಟಿವಿಗೆ ಜೋಡಿಸಿದಳು. ಈ ಸಣ್ಣ ವಿವರವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಪ್ರೇಕ್ಷಕರು: ಅವ್ವ, ಕಾಕಾ, ಅಣ್ಣ, ವೈನಿ, ನಾನು, ನನ್ನ ಹೆಂಡತಿ, ಮತ್ತು ಗಿರಮಿಟ್ಟಿನ ವಾಸನೆ ಹಿಡಿದು ಬಂದ ಪಕ್ಕದ ಮನೆಯ ನಿವೃತ್ತ ಸರ್ವೇಯರ್ ಸಾಹೇಬರು.

ಕಥೆ ಇಷ್ಟು. ಲ್ಯಾರಿ ಮತ್ತು ಜೋನ್ ಅರವತ್ತೈದು ವರ್ಷ ಸಂಸಾರ ಮಾಡಿದ ಮುದುಕ ಮುದುಕಿ. ಲ್ಯಾರಿ ಒಂದು ಸಮಾರಂಭದಲ್ಲಿ ಪ್ರೆಟ್ಜಲ್ ಎಂಬ ತಿಂಡಿ ಗಂಟಲಿಗೆ ಸಿಕ್ಕಿ ಸಾಯುತ್ತಾನೆ. ಪ್ರೆಟ್ಜಲ್ ಎಂದರೇನು ಎಂದು ಅವ್ವ ಕೇಳಿದಳು. ಚಕ್ಕುಲಿಯ ದೂರದ ಸಂಬಂಧಿ ಎಂದೆ. “ಅಷ್ಟು ಜನ ಸೇರಿದ ಮನೆಯಲ್ಲಿ ಒಂದು ಲೋಟ ನೀರು ಕೊಡುವವರು ಇರಲಿಲ್ಲವೇ?” ಎಂದು ಅವ್ವ ಆ ಕುಟುಂಬದ ಮೇಲೆ ಬೇಸರ ಮಾಡಿಕೊಂಡಳು. ಆ ಬೇಸರ ಸಿನಿಮಾ ಮುಗಿಯುವವರೆಗೂ ಇಳಿಯಲಿಲ್ಲ.

ಸತ್ತ ಲ್ಯಾರಿ ಜಂಕ್ಷನ್ ಎಂಬ ಕಡೆಗೆ ಬಂದು ಸೇರುತ್ತಾನೆ. ಅಲ್ಲಿ ಎಲ್ಲರಿಗೂ ತಾವು ಅತ್ಯಂತ ಸುಖವಾಗಿದ್ದ ವಯಸ್ಸಿನ ದೇಹ ಮರಳಿ ಸಿಗುತ್ತದೆ. ಮುದುಕ ಲ್ಯಾರಿ ಹೋಗಿ ನಟ ಮೈಲ್ಸ್ ಟೆಲ್ಲರ್ ಆದ. ಸರಿಯಾಗಿ ಆ ಹೊತ್ತಿಗೆ ಟಿವಿಯ ಪರದೆಯ ನೆತ್ತಿಯ ಮೇಲೆ ಒಂದು ಸಂದೇಶ ಇಳಿಯಿತು: ತಮ್ಮ ಜೀವವಿಮೆಯ ಕಂತಿನ ಕೊನೆಯ ದಿನಾಂಕ ಸಮೀಪಿಸುತ್ತಿದೆ.

ಎಲ್ಲರೂ ನಕ್ಕರು. ಸರ್ವೇಯರ್ ಸಾಹೇಬರು ಅದು ಸಿನಿಮಾದ್ದೇ ಸಂದೇಶ ಎಂದು ತಿಳಿದು, “ಸತ್ತ ಮೇಲೂ ಕಂತು ಕೇಳುತ್ತಾರೆಯೇ?” ಎಂದು ಗಾಬರಿಯಾದರು. ನಗದಿದ್ದವರು ವೈನಿ ಒಬ್ಬರೇ. “ಇದು ಯಾವ ಪಾಲಿಸಿ ರೀ?” ಎಂದು ಅಣ್ಣನನ್ನು ಕೇಳಿದರು. ಹಳೆಯದು, ಮದುವೆಗೆ ಮುಂಚಿನದು, ನಾಳೆ ಕಟ್ಟುತ್ತೇನೆ ಎಂದು ಅಣ್ಣ ಅವಸರದಲ್ಲಿ ಹೇಳಿ ಧ್ವನಿ ಜೋರು ಮಾಡಿದ. ಗಂಡ ಟಿವಿಯ ಧ್ವನಿ ಜೋರು ಮಾಡಿದನೆಂದರೆ ಅಲ್ಲಿ ವಿಚಾರಿಸುವಂಥದ್ದು ಏನೋ ಇದೆ ಎಂದು ತಿಳಿಯದಷ್ಟು ವೈನಿ ಹೊಸಬರಲ್ಲ. ಆದರೂ ಸದ್ಯಕ್ಕೆ ಸುಮ್ಮನಾದರು.

ಜಂಕ್ಷನ್ನಿನಲ್ಲಿ ವ್ಯಾಪಾರ ಮೇಳದ ಹಾಗೆ ಸಾಲು ಮಳಿಗೆಗಳು. ಸಮುದ್ರ ತೀರದ ಲೋಕ, ಬೆಟ್ಟದ ಲೋಕ, ಪ್ಯಾರಿಸ್ಸಿನಂಥ ಲೋಕ, ಸಿಗರೇಟು ಸೇದುವವರಿಗೆಂದೇ ಒಂದು ಲೋಕ. ಒಂದು ವಾರದೊಳಗೆ ಒಂದನ್ನು ಆರಿಸಿಕೊಳ್ಳಬೇಕು. ಆರಿಸಿದ ಮೇಲೆ ಬದಲಾಯಿಸುವಂತಿಲ್ಲ. ಮಾರ್ಗದರ್ಶನಕ್ಕೆ ಪ್ರತಿಯೊಬ್ಬರಿಗೂ ಒಬ್ಬ ಸಂಯೋಜಕರು.

ನಮ್ಮ ಮನೆಯ ಪ್ರೇಕ್ಷಕರು ಎದ್ದು ಸರಿಯಾಗಿ ಕುಳಿತದ್ದು ಇಲ್ಲಿ.

“ಒಂದು ವಾರವೇ? ಹಕ್ಕುಪತ್ರ ಯಾವಾಗ ಕೊಡುತ್ತಾರೆ?” ಎಂದರು ಕಾಕಾ. ಹಳೆ ಪೇಟೆಯಲ್ಲಿ ಅವರದು ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣದ ಅಂಗಡಿ ಇತ್ತು, ಈಗ ಅಲ್ಲಿ ನೀರಿದೆ. ಅಂಗಡಿಯ ಪರಿಹಾರಕ್ಕಾಗಿ ಅಲೆದು ಅವರು ಸವೆಸಿದ ಚಪ್ಪಲಿಗಳನ್ನು ಕೂಡಿಟ್ಟಿದ್ದರೆ ಅದರಲ್ಲೇ ಇನ್ನೊಂದು ಅಂಗಡಿ ಆಗುತ್ತಿತ್ತು. ಸರ್ವೇಯರ್ ಸಾಹೇಬರ ಆಕ್ಷೇಪ ಬೇರೆಯದು. “ಬದಲಾಯಿಸುವಂತಿಲ್ಲ, ಸರಿ. ಮೇಲ್ಮನವಿಗೆ ಎಲ್ಲಿ ಹೋಗಬೇಕು? ಮೇಲ್ಮನವಿಗೆ ಅವಕಾಶವಿಲ್ಲದ್ದು ಹೇಗೆ ಸ್ವರ್ಗವಾದೀತು?” ಪಾಪ ಪುಣ್ಯದ ಲೆಕ್ಕ ನೋಡದೆ ಎಲ್ಲರಿಗೂ ಆಯ್ಕೆ ಕೊಟ್ಟದ್ದಂತೂ ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳಲ್ಲಿ ಚಿತ್ರಗುಪ್ತ ಬಗಲಲ್ಲಿ ದಪ್ಪ ಕಡತ ಹಿಡಿದೇ ರಂಗಕ್ಕೆ ಬರುತ್ತಿದ್ದ. ಇಲ್ಲಿ ಕಡತವೇ ಇಲ್ಲ, ಬರೀ ಕೈಪಿಡಿ. ಕಂದಾಯದ ದಾಖಲೆಗಳಲ್ಲಿ ಇಡೀ ಆಯುಷ್ಯ ಕಳೆದ ಮನುಷ್ಯನಿಗೆ ಕಡತವಿಲ್ಲದ ಆಡಳಿತ ಕಂಡರೆ ಅಂಜಿಕೆಯಾಗುವುದು ಸಹಜ.

ಅಷ್ಟರಲ್ಲಿ ಗಂಡಸರಿಲ್ಲದ ಲೋಕ ಎಂಬ ಮಳಿಗೆಯೂ ಇದೆಯೆಂದು ತಿಳಿಯಿತು. ವೈನಿ ಸಿನಿಮಾ ನಿಲ್ಲಿಸಲು ಹೇಳಿ, ಕನ್ನಡಕ ತರಿಸಿಕೊಂಡು, ಆ ಫಲಕವನ್ನು ಪೂರ್ತಿ ಓದಿದರು. ನನ್ನ ಹೆಂಡತಿ, “ಅಲ್ಲಿ ನಳದ ನೀರು ದಿನಾ ಬರುತ್ತದೆಯೇ ಕೇಳು” ಎಂದಳು. ಗಂಡಸರು ಯಾರೂ ಮಾತಾಡಲಿಲ್ಲ. ಕಾಕಾ ಮಾತ್ರ, ಗಂಡಸರಿಲ್ಲದ ಲೋಕದಲ್ಲಿ ಸೀರೆ ಅಂಗಡಿಗೆ ಒಳ್ಳೆಯ ವ್ಯಾಪಾರ ಇದ್ದೀತು, ಆದರೆ ಅಂಗಡಿಯವನನ್ನು ಒಳಗೆ ಬಿಡುವುದಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟರು.

ಇನ್ನು ಪ್ರೇಮದ ವಿಷಯ. ಕೆಲವೇ ದಿನಗಳಲ್ಲಿ ಜೋನ್ ಕೂಡ ತೀರಿಕೊಂಡು ನಟಿ ಎಲಿಜಬೆತ್ ಓಲ್ಸನ್ ಆಗಿ ಜಂಕ್ಷನ್ನಿಗೆ ಬರುತ್ತಾಳೆ. ಅಲ್ಲಿ ಲ್ಯಾರಿಯ ಜೊತೆಗೆ ಇನ್ನೊಬ್ಬ ಕಾಯುತ್ತಿರುತ್ತಾನೆ. ಅವನು ಲ್ಯೂಕ್, ಅವಳ ಮೊದಲ ಗಂಡ. ಮದುವೆಯಾದ ಸ್ವಲ್ಪ ಕಾಲಕ್ಕೆ ಕೊರಿಯಾ ಯುದ್ಧದಲ್ಲಿ ಸತ್ತವನು. ಯಾವ ಲೋಕಕ್ಕೂ ಹೋಗದೆ, ಜಂಕ್ಷನ್ನಿನ ಬಾರಿನಲ್ಲಿ ಕೆಲಸ ಮಾಡಿಕೊಂಡು, ಅವಳಿಗಾಗಿ ಅರವತ್ತೇಳು ವರ್ಷ ಕಾದಿದ್ದಾನೆ. ಈಗ ಜೋನ್ ಇಬ್ಬರಲ್ಲಿ ಒಬ್ಬನನ್ನು ಅನಂತಕಾಲಕ್ಕೆ ಆರಿಸಬೇಕು.

“ಇದರಲ್ಲಿ ಯೋಚಿಸುವುದೇನಿದೆ? ಉಡಿಕೆಯಾದ ಮೇಲೆ ಎರಡನೆಯವನೇ ಗಂಡ” ಎಂದು ಅವ್ವ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ನಮ್ಮ ಕಡೆ ವಿಧವೆಗೆ ಸೀರೆ ಉಡಿಸಿ ಮರುಮದುವೆ ಮಾಡುವ ಪದ್ಧತಿ ಅನೇಕ ಸಮುದಾಯಗಳಲ್ಲಿ ಹಿಂದಿನಿಂದಲೂ ಇದೆ. ಹಾಲಿವುಡ್ಡಿನ ಚಿತ್ರಕಥೆಗಾರರು ಎರಡು ಗಂಟೆ ಎಳೆದದ್ದನ್ನು ನಮ್ಮ ಹಿರಿಯರು ಎಂದೋ ಇತ್ಯರ್ಥ ಮಾಡಿಟ್ಟಿದ್ದಾರೆ. ಆದರೆ ತೀರ್ಪು ಹೆಚ್ಚು ಹೊತ್ತು ನಿಲ್ಲಲಿಲ್ಲ. ಲ್ಯೂಕ್ ಪಾತ್ರದ ಕ್ಯಾಲಂ ಟರ್ನರ್ ಪರದೆಯ ತುಂಬ ಮುಖ ತೋರಿಸಿ ಒಮ್ಮೆ ನಕ್ಕಾಗ ಅವ್ವ, “ಪಾಪ, ಹುಡುಗ ಬಹಳ ದಿನ ಕಾದಿದ್ದಾನೆ” ಎಂದು ಪಕ್ಷ ಬದಲಿಸಿದಳು. ವೈನಿಯೂ ಹಿಂಬಾಲಿಸಿದರು. ಲ್ಯಾರಿಯ ಪರ ಕೊನೆಯವರೆಗೂ ವಾದಿಸಿದವಳು ಅಣ್ಣನ ಮಗಳು. ಚೆಂದದ ಮುಖ ಎರಡು ವರ್ಷ ಚೆಂದ, ಅರವತ್ತೈದು ವರ್ಷ ಒಬ್ಬರ ಗೊಣಗಾಟ ಇನ್ನೊಬ್ಬರು ಕೇಳಿಸಿಕೊಂಡಿದ್ದಾರಲ್ಲ, ಅದಕ್ಕೆ ಬೆಲೆ ಇಲ್ಲವೇ ಎಂದಳು. ಹತ್ತೊಂಬತ್ತರ ಹುಡುಗಿ ಗೊಣಗುವವನ ಪರ, ಎಪ್ಪತ್ತೈದರ ಅಜ್ಜಿ ಚೆಲುವನ ಪರ. ಗೊಣಗುವುದನ್ನು ನಿಜವಾಗಿ ಕೇಳಿಸಿಕೊಂಡವರು ಯಾರು ಎಂಬುದರ ಮೇಲೆ ಅಭಿಪ್ರಾಯ ನಿಂತಿರುತ್ತದೆ ಎಂದು ನನ್ನ ಅನಿಸಿಕೆ. ಕಾಕಾಗೆ ಮಾತ್ರ ಲ್ಯೂಕನ ತಪಸ್ಸು ದೊಡ್ಡದಾಗಿ ಕಾಣಲಿಲ್ಲ. “ಅರವತ್ತೇಳು ವರ್ಷ ತಾನೇ? ಬಡ್ಡಿ ಸಮೇತ ಬಂತಲ್ಲ” ಎಂದರು.

ಇಂಥ ಸಮಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಜಾಣತನ. ಆದರೆ ಗಿರಮಿಟ್ಟಿನ ಖಾರ ನೆತ್ತಿಗೇರಿತ್ತು. ಪಕ್ಕದಲ್ಲಿದ್ದ ಹೆಂಡತಿಗೆ, “ನೀನಾಗಿದ್ದರೆ ನನ್ನನ್ನೇ ಆರಿಸುತ್ತಿದ್ದೆ, ಹೌದಲ್ಲವೇ? ಪ್ರತಿ ಜ್ಯೇಷ್ಠದ ಹುಣ್ಣಿಮೆಗೆ ಆಲದ ಮರಕ್ಕೆ ದಾರ ಸುತ್ತಿ ಏಳು ಜನ್ಮಕ್ಕೂ ಇವರೇ ಇರಲಿ ಎಂದು ಬೇಡಿಕೊಳ್ಳುತ್ತೀಯಲ್ಲ?” ಎಂದು ಕೇಳಿದೆ.

ಅವಳು ಭಜಿಯ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, “ಏಳು ಜನ್ಮಕ್ಕೆ ಬೇಡಿಕೊಂಡಿರುವುದು ನಿಜ. ಅನಂತಕಾಲ ಎಂದು ಎಲ್ಲೂ ಒಪ್ಪಿಕೊಂಡಿಲ್ಲ. ಇದು ಎಷ್ಟನೆಯ ಜನ್ಮ ಎಂದು ನಿಮಗೆ ಗೊತ್ತಿದೆಯೇ? ಏಳನೆಯದೇ ಆಗಿದ್ದರೆ?” ಎಂದಳು.

ಸರ್ವೇಯರ್ ಸಾಹೇಬರು ಅದು ಕಾನೂನಿನ ಪ್ರಕಾರ ಸರಿಯಾದ ಅಂಶ ಎಂದು ತಲೆಯಾಡಿಸಿದರು.

ಜೋನ್ ತನ್ನ ನಿರ್ಧಾರ ಹೇಳಲು ಬಾಯಿ ತೆರೆದಳು. ಇಂಟರ್ನೆಟ್ ನಿಂತಿತು. ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು, ಜೋನಳ ಬಾಯಿ ತೆರೆದೇ ಇತ್ತು. ಅಣ್ಣನ ಮಗಳು ರೂಟರ್ ಆರಿಸಿ ಹಾಕಿದಳು, ಅಣ್ಣ ಅದರ ತಲೆ ತಟ್ಟಿದ, ಕಾಕಾ ಹೊರಗೆ ಹೋಗಿ ಕಂಬದ ವೈರು ನೋಡಿ ಬಂದರು. ಯಾರಿಗೂ ಅದರಿಂದ ಏನೂ ತಿಳಿಯಲಿಲ್ಲ. ವೈನಿ ಮಾತ್ರ ಬಿಡುವನ್ನು ವ್ಯರ್ಥ ಮಾಡಲಿಲ್ಲ. ಒಳಗೆ ಹೋಗಿ ತಿಜೋರಿ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಪಾಲಿಸಿಯ ಕಾಗದ ತಂದು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು.

“ನಾಮಿನಿ: ತಾಯಿ.”

ಮದುವೆಯಾಗಿ ಇಪ್ಪತ್ತಮೂರು ವರ್ಷಗಳಾದ ಮೇಲೆ ಒಬ್ಬ ಗೃಹಿಣಿ ಈ ಎರಡು ಶಬ್ದಗಳನ್ನು ಓದಿದಾಗ ಕೋಣೆಯಲ್ಲಿ ಉಂಟಾಗುವ ವಾತಾವರಣವನ್ನು ಯಾವ ದೇಶದ ಸಿನಿಮಾದವರೂ ಹಿಡಿದು ತೋರಿಸಲಾರರು. ಅಣ್ಣ ಇಬ್ಬರ ಮುಖವನ್ನೂ ನೋಡದೆ ರೂಟರಿನ ಹಸಿರು ದೀಪವನ್ನೇ ನೋಡತೊಡಗಿದ. ಆಗಿನ್ನೂ ಮದುವೆಯಾಗಿರಲಿಲ್ಲ, ಬೇರೆ ಯಾರ ಹೆಸರು ಬರೆಯಲಿ ಎಂದ. ಆಮೇಲೆ ಬದಲಾಯಿಸಬಹುದಿತ್ತಲ್ಲ ಎಂದರು ವೈನಿ. ಅವ್ವ ಜಪಮಾಲೆ ಹಿಡಿದವರ ಧಾಟಿಯಲ್ಲಿ, “ನನಗೇನು ಆಸೆ? ಮಗ ಪ್ರೀತಿಯಿಂದ ಬರೆಸಿದ್ದಾನೆ, ಹಾಗೇ ಇರಲಿ ಬಿಡಮ್ಮ” ಎಂದಳು. ವೈನಿ, “ಹಾಗೇ ಇರಲಿ ಅತ್ತೆ, ನೀವು ನೂರು ವರ್ಷ ಬಾಳಬೇಕು” ಎಂದರು. ಎರಡೂ ಶುಭ ನುಡಿಗಳೇ. ನಾನೂ ನನ್ನ ಹೆಂಡತಿಯೂ ತಟ್ಟೆ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಸರಿದೆವು. ಅಲ್ಲಿ ಅವಳು ಮೆಲ್ಲಗೆ, “ನಿಮ್ಮದರಲ್ಲಿ ಯಾರ ಹೆಸರಿದೆ?” ಎಂದು ಕೇಳಿದಳು. ನನ್ನ ಹೆಸರಿನಲ್ಲಿ ಪಾಲಿಸಿಯೇ ಇಲ್ಲ ಎಂದು ನಿಶ್ಚಿಂತೆಯಿಂದ ಹೇಳಿದೆ. ಅದು ನಿಶ್ಚಿಂತೆಯ ವಿಷಯವಲ್ಲ ಎಂದು ಅವಳ ಮುಖ ಹೇಳಿತು.

ಇಂಟರ್ನೆಟ್ ಮರಳಿ ಬಂದಾಗ ಜೋನ್ ಯಾರನ್ನು ಆರಿಸಿದಳು ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ, ನೋಡುವವರ ಹೊಟ್ಟೆಯ ಮೇಲೆ ಹೊಡೆಯಬಾರದು. ಆ ನಂತರವೂ ಕಥೆ ಒಂದೆರಡು ತಿರುವು ತೆಗೆದುಕೊಳ್ಳುತ್ತದೆ ಎಂದಷ್ಟೇ ಹೇಳಬಲ್ಲೆ. ಒಂದು ಭಾಗ ಮಾತ್ರ ಎಲ್ಲರನ್ನೂ ಕೂಡಿಸಿತು. ಅಲ್ಲಿ ಸುರಂಗದಂಥ ಒಂದು ದಾಖಲೆಮನೆ ಇದೆ. ಒಳಗೆ ನಡೆದು ಹೋದರೆ ನಮ್ಮ ಬದುಕಿನ ಹಳೆಯ ಗಳಿಗೆಗಳು ಒಂದೊಂದಾಗಿ ಎದುರಿಗೆ ನಡೆಯುತ್ತವೆ. ಅದು ಬಂದಾಗ ಯಾರೂ ಟೀಕೆ ಮಾಡಲಿಲ್ಲ. ಕಾಕಾ ತಟ್ಟೆ ಕೆಳಗಿಟ್ಟರು. ಅವರ ಅಂಗಡಿಯ ಸಾಲು, ಹೋಳಿಯಲ್ಲಿ ಬಂಡಿಗಳ ಮೇಲೆ ಬಣ್ಣದ ಪೀಪಾಯಿ ಹೊತ್ತು ಹೋಗುತ್ತಿದ್ದ ಬೀದಿ, ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಮನೆಗಳು. ಆ ನೆರೆಹೊರೆಯವರೆಲ್ಲ ಈಗ ಬೇರೆ ಬೇರೆ ಸೆಕ್ಟರ್‌ಗಳಲ್ಲಿ ಚದುರಿ, ಮದುವೆ ಕರೆಯೋಲೆಯ ಮೇಲೆ ಸಂಖ್ಯೆ ನೋಡಿ ಮನೆ ಹುಡುಕಬೇಕಾಗಿದೆ. ನವನಗರದ ರಸ್ತೆಗಳು ಅಗಲವಾಗಿವೆ, ಚರಂಡಿ ಇದೆ, ಗಾಳಿ ಬೆಳಕು ಇದೆ. ಕಾಕಾ ಮಾತ್ರ ಇವತ್ತಿಗೂ ಜೋಳ ಕೊಳ್ಳಲು ಹಳೆ ಊರಿಗೇ ಹೋಗುತ್ತಾರೆ. ಜೋಳ ಇಲ್ಲಿಯೂ ಸಿಗುತ್ತದೆ.

“ಎರಡನೆಯ ಲೋಕ ಎಷ್ಟು ಚೆಂದ ಕಟ್ಟಿದರೂ ಅಷ್ಟೇ” ಎಂದರು. ಮುಂದುವರಿಸಲಿಲ್ಲ. ಸರ್ವೇಯರ್ ಸಾಹೇಬರು ಮುಳುಗಡೆಯ ಮಟ್ಟದ ಕಲ್ಲು ನೆಟ್ಟ ತಂಡದಲ್ಲಿದ್ದವರು, ಆ ಹೊತ್ತು ಅವರು ಬಹಳ ಶ್ರದ್ಧೆಯಿಂದ ಗಿರಮಿಟ್ಟಿನ ಶೇಂಗಾ ಆರಿಸಿ ತಿಂದರು.

ಮರುದಿನ ಸಂಜೆ ವೈನಿಯ ಕರೆಯ ಮೇರೆಗೆ ವಿಮೆಯ ಏಜೆಂಟ್ ಬಂದ. ನಾಮಿನಿ ಬದಲಾವಣೆಯ ಅರ್ಜಿ ಮೇಜಿನ ಮೇಲೆ ಬಿಚ್ಚಿ, ಯಾರ ಹೆಸರು ಬರೆಯಲಿ ಎಂದು ಕೇಳಿದ. ಅಣ್ಣನಿಗೆ ಜೋನಳ ಕಷ್ಟ ಆಗ ಪೂರ್ತಿ ಅರ್ಥವಾಗಿರಬೇಕು. ಒಂದು ಕಡೆ ಅವ್ವ ಚಹಾ ಹಿಡಿದು ನಿಂತಿದ್ದಾಳೆ, ಇನ್ನೊಂದು ಕಡೆ ವೈನಿ ಪೆನ್ನು ಹಿಡಿದು ನಿಂತಿದ್ದಾರೆ. ಏಜೆಂಟ್ ಪಳಗಿದ ಮನುಷ್ಯ. ಇಂಥ ಎಷ್ಟು ಮನೆಗಳನ್ನು ದಾಟಿ ಬಂದಿದ್ದನೋ ಏನೋ, ಇಬ್ಬರ ಹೆಸರನ್ನೂ ಹಾಕಬಹುದು ಸರ್, ಪಾಲು ಶೇಕಡಾವಾರು ಬರೆದರಾಯಿತು ಎಂದು ಸಲೀಸಾಗಿ ಹೇಳಿದ. ಐವತ್ತು ಐವತ್ತು ಎಂದು ಬರೆದುಕೊಂಡು, ಚಹಾ ಕುಡಿದು, ಎದ್ದು ಹೋದ.

ಕಾಕಾ ಅವನು ಹೋದ ಬಾಗಿಲನ್ನೇ ಗೌರವದಿಂದ ನೋಡಿದರು. “ಆ ಜೋನ್‌ಗೆ ಇಂಥ ಏಜೆಂಟ್ ಸಿಕ್ಕಿದ್ದರೆ ಸಿನಿಮಾ ಅರ್ಧ ಗಂಟೆಗೇ ಮುಗಿಯುತ್ತಿತ್ತು” ಎಂದರು.